ಬಲ್ಗೇರಿಯಾದಿಂದ ಅಕ್ಕ-ತಮ್ಮ ಇಬ್ಬರನ್ನ ದತ್ತು ತಗೊಳೋ ವಿಷಯ: ಇದು ದೇವರ ಕರೆ ಅಂತ ಗೊತ್ತಾಗೋದು ಹೇಗೆ?

ಕಾಯ್ತಿರೋ_ಅಮ್ಮ

ಎಲ್ರಿಗೂ ಕರ್ತನ ನಾಮದಲ್ಲಿ ವಂದನೆ. ಬಲ್ಗೇರಿಯಾದಿಂದ ಅಕ್ಕ-ತಮ್ಮ ಇಬ್ರ ಫೈಲ್ ನಮ್ಮ ಕೈಗೆ ಬಂದಿದೆ. ಅಕ್ಕಂಗೆ ಒಂಬತ್ತು, ತಮ್ಮಂಗೆ ಐದು. ಒಪ್ಕೋತೀವಾ ಇಲ್ವಾ ಅಂತ ಬೇಗ ತಿಳಿಸ್ಬೇಕು. ಅದಕ್ಕೆ ಮುಂಚೆ ಈ ದಾರೀಲಿ ನಡೆದಿರೋರ ಮಾತು ಕೇಳೋಣ ಅಂತ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನಾವಿರೋದು ಅಮೆರಿಕದಲ್ಲಿ. ಹೆತ್ತ ಮಕ್ಕಳು ಇಬ್ರಿದಾರೆ, ದೊಡ್ಡೋನು ಹೈಸ್ಕೂಲು, ಚಿಕ್ಕೋಳಿಗೆ ಏಳು. ಮಕ್ಕಳಾಗಲಿಲ್ಲ ಅಂತ ದತ್ತು ಯೋಚನೆ ಬಂದಿದ್ದಲ್ಲ. ನಮ್ಮ ಸಭೇಲಿ ಪ್ರತಿ ನವೆಂಬರ್ ಆರ್ಫನ್ ಸಂಡೇ, ಅಂದ್ರೆ ಅನಾಥ ಮಕ್ಕಳನ್ನ ನೆನೆಸ್ಕೊಳ್ಳೋ ಭಾನುವಾರ, ಮಾಡ್ತಾರೆ, ಒಂದು ವರ್ಷ ಯಾಕೋಬ 1:27 ಮೇಲೆ ಪ್ರಸಂಗ ಆಯ್ತು, ದಿಕ್ಕಿಲ್ಲದ ಮಕ್ಕಳನ್ನೂ ವಿಧವೆಯರನ್ನೂ ಅವರ ಸಂಕಟದಲ್ಲಿ ನೋಡ್ಕೊಳ್ಳೋದೇ ನಿಜವಾದ ಭಕ್ತಿ ಅನ್ನೋ ವಾಕ್ಯ. ಅವತ್ತಿಂದ ನನ್ನ ಮನಸ್ಸು ಅಲ್ಲೇ ನಿಂತ್ಬಿಡ್ತು. ನನ್ನ ಗಂಡನಿಗೆ ಮಾತ್ರ ಏನೂ ಅನ್ಸಿರ್ಲಿಲ್ಲ. ಅವರು ಬೇಡ ಅನ್ಲಿಲ್ಲ, "ನಿನಗೆ ಕೊಟ್ಟ ಭಾರ ದೇವರು ನನಗೂ ಕೊಡ್ಲಿ, ಅಲ್ಲೀವರೆಗೂ ಕಾಯೋಣ" ಅಂದ್ರು. ನಾನು ಆಮೇಲೆ ಆ ಮಾತೇ ಎತ್ತಲಿಲ್ಲ, ಪ್ರಾರ್ಥನೆ ಮಾತ್ರ ಮಾಡ್ತಿದ್ದೆ. ತುಂಬಾ ದಿನ ಆದ್ಮೇಲೆ ಅವರು ಯುವಕರ ಬೈಬಲ್ ಸ್ಟಡಿಗೆ ಎಫೆಸದವರಿಗೆ ಬರೆದ ಪತ್ರ ತಯಾರಿ ಮಾಡ್ತಿದ್ರು, ಮೊದಲನೇ ಅಧ್ಯಾಯದಲ್ಲೇ ಇದೆಯಲ್ಲ, ದೇವರು ನಮ್ಮನ್ನ ಮಕ್ಕಳಾಗಿ ಸ್ವೀಕಾರ ಮಾಡೋಕೆ ಮೊದಲೇ ನಿಶ್ಚಯ ಮಾಡಿದ್ರು ಅಂತ. ಅವತ್ತು ರಾತ್ರಿ ಅವರೇ ಹೋಮ್ ಸ್ಟಡಿ (ದತ್ತು ಕೊಡೋಕೆ ಮುಂಚೆ ನಮ್ಮ ಮನೆ, ಕುಟುಂಬ ನೋಡಿ ಬರೆಯೋ ವರದಿ) ಬಗ್ಗೆ ಕೇಳಿದ್ರು.

ಹೋಮ್ ಸ್ಟಡಿ ಮುಗೀತು, ಟ್ರೈನಿಂಗ್ ಮುಗೀತು, ಬೆರಳಚ್ಚು ಕೊಟ್ಟಾಯ್ತು, ಐ-800ಎ, ಅಂದ್ರೆ ನಾವು ದತ್ತು ತಗೊಳೋಕೆ ಯೋಗ್ಯರು ಅಂತ ಅಮೆರಿಕ ಸರ್ಕಾರ ಒಪ್ಪೋ ಅರ್ಜಿ, ಅಪ್ರೂವ್ ಆಯ್ತು. ಈಗ ಫೈಲ್. ಓದಿದ ದಿನದಿಂದ ಎರಡು ವಿಷಯ ಮನಸ್ಸು ಕೊರೀತಿದೆ.

ಒಂದು, ಒಂಬತ್ತು ವರ್ಷದ ಹುಡುಗಿ ಬಂದ್ರೆ ನಮ್ಮ ಏಳು ವರ್ಷದೋಳಿಗಿಂತ ಮೇಲೆ ಬಂದು ಕೂತ್ಕೋತಾಳೆ. ಹಾಗೆ ಮಾಡಬಾರದು ಅಂತ ಕೆಲವರು, ಏನೂ ಆಗಲ್ಲ ಅಂತ ಕೆಲವರು.

ಎರಡನೇದು ದೊಡ್ಡದು. ಆ ಮಕ್ಕಳ ತಾಯಿ ಬದುಕಿದಾಳೆ. ಫೈಲಲ್ಲಿ ಆಕೆಯ ಬಗ್ಗೆ ಇರೋದು ಮೂರ್ನಾಲ್ಕು ಸಾಲು, ಬಡತನ, ಮನೆ ಇಲ್ಲ, ಒಪ್ಪಿಗೆ ಕೊಟ್ಟಿದಾಳೆ ಅಂತ. ಸಭೇಲಿ ಪ್ರೀತಿಯಿಂದಲೇ ಹೇಳ್ತಾರೆ, "ದೇವರು ಆ ಮಕ್ಕಳನ್ನ ನಿಮಗೋಸ್ಕರಾನೇ ಇಟ್ಟಿದ್ರು ಸಿಸ್ಟರ್" ಅಂತ. ಕೇಳೋಕೆ ಸಮಾಧಾನ, ಆದ್ರೆ ಮನೆಗೆ ಬಂದ್ಮೇಲೆ ಯೋಚನೆ ಶುರುವಾಗುತ್ತೆ, ನಮಗೋಸ್ಕರ ಅಂದ್ರೆ ಆ ತಾಯಿ ಮಕ್ಕಳನ್ನ ಕಳ್ಕೊಳ್ಳೋದೂ ದೇವರ ಯೋಜನೆನಾ? ಕರೆ ಅನ್ನೋದನ್ನ ನೀವು ಹೇಗೆ ಪರೀಕ್ಷೆ ಮಾಡ್ಕೊಂಡ್ರಿ ದಯವಿಟ್ಟು ಹೇಳಿ.

ವಿಶ್ವಾಸದ_ಹೆಜ್ಜೆ

ಪ್ರೈಸ್ ದ ಲಾರ್ಡ್ ಸಿಸ್ಟರ್. ನೀವು ಗಂಡನಿಗೋಸ್ಕರ ಕಾದಿದ್ದೇ ದೊಡ್ಡ ಸಾಕ್ಷಿ. ಬಾಗಿಲು ಒಂದೊಂದಾಗಿ ತೆರೀತಾ ಬಂದಿದೆ, ಈಗ ಯಾಕೆ ಸಂದೇಹ? ಯೋಸೇಫನಿಗೆ ಕನಸಲ್ಲಿ ದೇವದೂತ ಹೇಳಿದ ತಕ್ಷಣ ಎದ್ದು ಮರಿಯಳನ್ನ ಸೇರಿಸ್ಕೊಂಡ, ತನಗೆ ಹುಟ್ಟದ ಮಗನಿಗೆ ತಂದೆಯಾದ, ಹೆಸರೂ ಅವನೇ ಇಟ್ಟ. ಪ್ರಶ್ನೆ ಜಾಸ್ತಿ ಆದಷ್ಟೂ ಸೈತಾನನಿಗೆ ಜಾಗ ಸಿಗುತ್ತೆ. ಆ ಮಕ್ಕಳು ಕಾಯ್ತಿದಾರೆ, ಹೂಂ ಅನ್ನಿ.

ಕೇಸ್‌ವರ್ಕರ್_ಅಕ್ಕ

ಬ್ರದರ್, ನಿಮ್ಮ ಉತ್ಸಾಹ ಅರ್ಥ ಆಗುತ್ತೆ, ಆದ್ರೆ ಗೋಪುರ ಕಟ್ಟೋನು ಮೊದಲು ಕೂತ್ಕೊಂಡು ಖರ್ಚಿನ ಲೆಕ್ಕ ಹಾಕ್ತಾನೆ ಅಂತ ಹೇಳಿದ್ದು ಯೇಸುಸ್ವಾಮಿನೇ, ಲೂಕ 14ರಲ್ಲಿದೆ. ಈ ಅಮ್ಮ ಮಾಡ್ತಿರೋದು ಅದೇ.

ನಾನು ವರ್ಷಗಟ್ಟಲೆ ಹೋಮ್ ಸ್ಟಡಿ ಬರೆದೋಳು, ಈಗ ರಿಟೈರ್ ಆಗಿದೀನಿ. ಅಮ್ಮಾ, ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ. "ಅನಾಥರು" ಅಂತ ವೇದಿಕೆ ಮೇಲೆ ನಿಂತು 14-15 ಕೋಟಿ ಅಂತ ಲೆಕ್ಕ ಹೇಳ್ತಾರಲ್ಲ, ಆ ಸಂಖ್ಯೆ ಯುನಿಸೆಫ್‌ದು. ಅವರ ಲೆಕ್ಕದಲ್ಲಿ ತಂದೆ ತಾಯಿಯಲ್ಲಿ ಒಬ್ಬರು ಸತ್ತಿದ್ರೂ ಆ ಮಗು ಅದರೊಳಗೆ ಬರುತ್ತೆ. 2015ರ ಲೆಕ್ಕದ ಪ್ರಕಾರ ಸುಮಾರು 14 ಕೋಟಿಯಲ್ಲಿ ಇಬ್ಬರನ್ನೂ ಕಳ್ಕೊಂಡೋರು ಒಂದೂವರೆ ಕೋಟಿ. ಅವರಲ್ಲೂ ತುಂಬಾ ಜನ ಅಜ್ಜಿ, ಚಿಕ್ಕಮ್ಮ, ಅಕ್ಕಂದಿರ ಹತ್ರ ಬೆಳೀತಿದಾರೆ. ಅಂದ್ರೆ ನಿಮ್ಮ ಫೈಲಲ್ಲಿ ತಾಯಿ ಇರೋದು ವಿಚಿತ್ರ ಏನಲ್ಲ, ಮಕ್ಕಳ ಮನೆಗಳಲ್ಲಿ ಇರೋ ಬಹಳಷ್ಟು ಮಕ್ಕಳಿಗೆ ಯಾರೋ ಒಬ್ರು ಇದ್ದೇ ಇರ್ತಾರೆ.

ಹಾಗಾಗಿ ಕೇಳಬೇಕಾದ್ದು ತಾಯಿ ಇದಾಳಾ ಇಲ್ವಾ ಅಂತಲ್ಲ, ಆಕೆಯ ಹತ್ರ ಏನು ಕೇಳಿದ್ರು, ಹೇಗೆ ಕೇಳಿದ್ರು ಅಂತ. ದೇಶ ದೇಶಗಳ ನಡುವಿನ ದತ್ತುಗೆ ಅಂತ ಆದ 1993ರ ಹೇಗ್ ಒಪ್ಪಂದದಲ್ಲಿ ಇದಕ್ಕೆ ನಿಯಮ ಇದೆ. ಮಗುವನ್ನ ಮೊದಲು ತನ್ನ ದೇಶದಲ್ಲೇ ಇರಿಸೋಕೆ ಆಗುತ್ತಾ ನೋಡ್ಬೇಕು, ಆಗದೇ ಹೋದ್ರೆ ಮಾತ್ರ ಹೊರದೇಶ. ಒಪ್ಪಿಗೆ ಕೊಡೋರಿಗೆ ಅದರ ಪರಿಣಾಮ ಏನು ಅಂತ ತಿಳಿಸಿರ್ಬೇಕು, ಒಪ್ಪಿಗೆ ಬರವಣಿಗೇಲಿ ಇರ್ಬೇಕು, ದುಡ್ಡು ಕೊಟ್ಟು ಪಡೆದಿರ್ಬಾರ್ದು, ತಾಯಿಯದಾದ್ರೆ ಮಗು ಹುಟ್ಟಿದ ಮೇಲೇನೇ ಪಡೆದಿರ್ಬೇಕು. ಮಗುವಿನ ವಯಸ್ಸು ತಿಳುವಳಿಕೆ ನೋಡಿ ಮಗುವಿನ ಮನಸ್ಸಲ್ಲಿ ಏನಿದೆ ಅಂತಾನೂ ಕೇಳಿರ್ಬೇಕು. ನಿಮ್ಮ ಒಂಬತ್ತು ವರ್ಷದ ಹುಡುಗಿಗೆ ಮಾತಾಡೋಕೆ ಬರುತ್ತೆ. ಅವಳನ್ನ ಯಾರಾದ್ರೂ ಕೇಳಿದಾರಾ?

ಬಲ್ಗೇರಿಯಾ ಈ ಒಪ್ಪಂದದಲ್ಲಿ ಇದೆ, ಅಮೆರಿಕದ ಮಟ್ಟಿಗೆ ಇದು ಜಾರಿಗೆ ಬಂದಿದ್ದು 2008ರ ಏಪ್ರಿಲ್ 1ಕ್ಕೆ. ಕಾನೂನು ಇದೆ ಅಂದ ಮಾತ್ರಕ್ಕೆ ನೀವು ಕೇಳೋದನ್ನ ನಿಲ್ಲಿಸ್ಬೇಡಿ. ನಿಮ್ಮ ಏಜೆನ್ಸಿಗೆ ಬರವಣಿಗೇಲಿ ಕೇಳಿ: ತಾಯಿ ಯಾವಾಗ ಕೊನೇ ಸಲ ಬಂದಿದ್ಲು, ಅಜ್ಜಿ ಮಾವ ಅಂತ ಯಾರನ್ನಾದ್ರೂ ಹುಡುಕಿದ್ರಾ, ದೇಶದೊಳಗೆ ದತ್ತು ಕುಟುಂಬಕ್ಕೆ ಪ್ರಯತ್ನ ಪಟ್ರಾ, ಬೇರೆ ಒಡಹುಟ್ಟಿದೋರು ಇದಾರಾ. ಈ ಕೊನೇದನ್ನ ಮರೀಬೇಡಿ, ಎಷ್ಟೋ ಸಲ ಇನ್ನೊಂದು ಮಗು ಬೇರೆ ಊರಿನ ಬೇರೆ ಮನೇಲಿ ಇರುತ್ತೆ.

ವಿಶ್ವಾಸದ_ಹೆಜ್ಜೆ

ಅಕ್ಕ, ಕೇಳಬಾರ್ದು ಅಂತ ನಾನು ಹೇಳ್ತಿಲ್ಲ. ಆದ್ರೆ ಹೀಗೆ ಒಂದೊಂದನ್ನೂ ಅನುಮಾನದಿಂದ ನೋಡಿದ್ರೆ ಯಾರೂ ದತ್ತು ತಗೊಳಲ್ಲ, ಮಕ್ಕಳು ಹದಿನೆಂಟು ಆಗೋವರೆಗೂ ಸಂಸ್ಥೇಲೇ ಕೊಳೀತಾರೆ. ಅದೂ ಪಾಪ ಅಲ್ವಾ?

ಕೇಸ್‌ವರ್ಕರ್_ಅಕ್ಕ

ಅದೂ ನಿಜಾನೇ, ಅದನ್ನ ನಾನು ಹಗುರವಾಗಿ ತಗೊಳಲ್ಲ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಿಂದ ನಡೆದ ಅಧ್ಯಯನ ಒಂದಿದೆ, ಸಂಸ್ಥೆಗಳಲ್ಲಿದ್ದ ಪುಟ್ಟ ಮಕ್ಕಳಲ್ಲಿ ಕೆಲವರನ್ನ ಫಾಸ್ಟರ್ ಕುಟುಂಬಕ್ಕೆ (ದತ್ತು ಅಲ್ಲದೆ ಮನೇಲಿಟ್ಟು ಸಾಕೋ ಕುಟುಂಬ) ಕಳಿಸಿ ಉಳಿದೋರ ಜೊತೆ ಹೋಲಿಸಿ ನೋಡಿದ್ರು. ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿ, ಮಾತು, ಅಂಟಿಕೊಳ್ಳೋ ಗುಣ ಎಲ್ಲ ಚೇತರಿಸ್ಕೊಂಡ್ತು, ಎರಡು ವರ್ಷ ತುಂಬೋಕೆ ಮುಂಚೆ ಹೋದೋರಲ್ಲಿ ಇನ್ನೂ ಜಾಸ್ತಿ. ಮಗುವಿಗೆ ಬೇಕಿರೋದು ಸಂಸ್ಥೆ ಅಲ್ಲ, ಕುಟುಂಬ, ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಆದ್ರೆ ಅವಸರ ಮಾಡಿದೋರು ಏನು ಮಾಡಿದ್ರು ಅಂತಾನೂ ನೋಡಿ ಬ್ರದರ್. 2010ರ ಜನವರೀಲಿ ಹೈಟಿ ಭೂಕಂಪ ಆದಾಗ ಅಮೆರಿಕದ ಒಂದು ಸಭೆಯೋರು 33 ಮಕ್ಕಳನ್ನ ಬಸ್ಸಲ್ಲಿ ಗಡಿ ದಾಟಿಸೋಕೆ ಹೋಗಿ ಸಿಕ್ಕಿಹಾಕ್ಕೊಂಡ್ರು, ಆಮೇಲೆ ನೋಡಿದ್ರೆ ಆ ಮಕ್ಕಳಲ್ಲಿ ಹೆಚ್ಚಿನೋರಿಗೆ ತಂದೆ ತಾಯಿ ಇದ್ರು. ಅವರೂ ಪ್ರಾರ್ಥನೆ ಮಾಡೇ ಹೊರಟಿದ್ದು.

ವಾಕ್ಯ_ಓದುಗ

ಸಿಸ್ಟರ್, ನಾನು ದತ್ತು ತಗೊಂಡೋನಲ್ಲ, ಆದ್ರೆ ನಿಮ್ಮ ಪ್ರಶ್ನೆ ಓದಿ ಎರಡು ದಿನ ವಾಕ್ಯ ತೆಗೆದು ಕೂತಿದ್ದೆ.

ಯಾಕೋಬ 1:27ರಲ್ಲಿ ದಿಕ್ಕಿಲ್ಲದ ಮಕ್ಕಳು ಒಬ್ಬರೇ ಇಲ್ಲ ನೋಡಿ, ವಿಧವೆಯರೂ ಜೊತೆಗೇ ಇದಾರೆ. ನಾವು ಆ ವಾಕ್ಯದಲ್ಲಿ ಮಗುವನ್ನ ಎತ್ಕೊಂಡು ತಾಯಿಯನ್ನ ಅಲ್ಲೇ ಬಿಟ್ಟು ಬರ್ತೀವಿ. ಧರ್ಮೋಪದೇಶಕಾಂಡ 24ರಲ್ಲೂ ಹೊಲದಲ್ಲಿ ಮರೆತ ಸಿವುಡು, ಎಣ್ಣೆಮರದಲ್ಲಿ ಉಳಿದ ಕಾಯಿ, ದ್ರಾಕ್ಷಿ ತೋಟದಲ್ಲಿ ಬಿಟ್ಟ ಹಣ್ಣು ಇದೆಲ್ಲ ಪರದೇಶಿಗೆ, ತಂದೆಯಿಲ್ಲದ ಮಗುವಿಗೆ, ವಿಧವೆಗೆ ಅಂತ ಒಟ್ಟಿಗೇ ಹೇಳುತ್ತೆ. ಅಂದ್ರೆ ಆ ಕಾಲದ ಕಾನೂನು ಮಾಡಿದ ಮೊದಲ ಕೆಲಸ ತಾಯಿ ಮಗು ಬೇರೆ ಆಗದ ಹಾಗೆ ಅವರ ಹೊಟ್ಟೆಗೆ ದಾರಿ ಮಾಡಿದ್ದು.

ಮೋಶೆಯ ಕಥೆಯನ್ನ ದತ್ತು ಪ್ರಸಂಗಗಳಲ್ಲಿ ತುಂಬಾ ಹೇಳ್ತಾರೆ, ಫರೋಹನ ಮಗಳು ನೀರಿಂದ ಎತ್ತಿದ್ಲು ಅಂತ. ಪೂರ್ತಿ ಓದಿ. ಆ ಮಗುವಿಗೆ ತಾಯಿ ಇದ್ಲು, ಯೋಕೆಬೆದ. ಅಕ್ಕ ದಡದಲ್ಲಿ ನಿಂತು ಕಾಯ್ತಿದ್ಲು. ತಾಯಿ ಕೈ ಬಿಟ್ಟಿದ್ದು ಪ್ರೀತಿ ಇಲ್ದೆ ಅಲ್ಲ, ಗಂಡು ಮಕ್ಕಳನ್ನ ಕೊಲ್ಲೋ ಆಜ್ಞೆ ಹೊರಡಿಸಿದ್ದು ಆ ರಾಜಕುಮಾರಿಯ ಅಪ್ಪನೇ. ಆಮೇಲೆ ಏನಾಯ್ತು, ಅದೇ ತಾಯಿಯನ್ನ ಕರೆಸಿ, ಸಂಬಳ ಕೊಟ್ಟು, ಮಗುವಿಗೆ ಹಾಲು ಕೊಡೋಕೆ ಇಟ್ಟರು. ಮೋಶೆ ತಾನು ಯಾರ ಜನ ಅಂತ ಮರೀಲಿಲ್ಲ, ಇಬ್ರಿಯರಿಗೆ ಬರೆದ ಪತ್ರ 11ರಲ್ಲಿ ಅದನ್ನೇ ಅವನ ನಂಬಿಕೆ ಅಂತ ಎಣಿಸಿದಾರೆ. ಎಸ್ತೇರಳನ್ನ ಸಾಕಿದ್ದು ದೊಡ್ಡಪ್ಪನ ಮಗ ಮೊರ್ದೆಕೈ, ಅಂದ್ರೆ ಸಂಬಂಧಿಕನೇ.

ನಿಮ್ಮ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಆ ತಾಯಿಯ ದುಃಖವನ್ನ ದೇವರು ಬರೆದು ಇಟ್ಟಿದ್ದು ಅಂತ ಹೇಳೋಕೆ ನನ್ನ ನಾಲಿಗೆ ಏಳಲ್ಲ. ಪಾಪದಿಂದ ಕೆಟ್ಟ ಲೋಕದಲ್ಲಿ ಆದ ನಷ್ಟ ಅದು. ನಷ್ಟ ಆದ ಜಾಗದಲ್ಲಿ ನಿಂತ್ಕೊಳ್ಳೋಕೆ ನಿಮ್ಮನ್ನ ಕರೆದಿರಬಹುದು, ಅದು ಬೇರೆ ಮಾತು.

ಕಾಯ್ತಿರೋ_ಅಮ್ಮ

ಬ್ರದರ್, ಇದನ್ನ ಓದಿ ನಾನು ನನ್ನ ಗಂಡ ತುಂಬಾ ಹೊತ್ತು ಮಾತಾಡಿದ್ವಿ. "ನಷ್ಟ ಆದ ಜಾಗದಲ್ಲಿ ನಿಂತ್ಕೊಳ್ಳೋದು" ಅನ್ನೋದು ನನಗೆ ಪ್ರಾರ್ಥನೆ ಮಾಡೋಕೆ ಬರುತ್ತೆ, "ನಮಗೋಸ್ಕರ ಇಟ್ಟಿದ್ರು" ಅಂತ ಪ್ರಾರ್ಥನೆ ಮಾಡೋಕೆ ಬರ್ತಿರ್ಲಿಲ್ಲ. ಈಗ ರಾತ್ರಿ ಪ್ರಾರ್ಥನೇಲಿ ಆ ತಾಯಿಗೋಸ್ಕರಾನೂ ಕೇಳ್ಕೋತಿದೀವಿ. ಕೇಸ್‌ವರ್ಕರ್ ಅಕ್ಕ, ನಿಮ್ಮ ಪ್ರಶ್ನೆ ಎಲ್ಲಾ ಏಜೆನ್ಸಿಗೆ ಕಳಿಸಿದೀನಿ.

ಐದು_ಮಕ್ಕಳ_ಅಪ್ಪ

ಸಿಸ್ಟರ್, ನಮ್ಮ ಮನೇಲಿ ಇಬ್ಬರು ಇಥಿಯೋಪಿಯಾದಿಂದ ಬಂದೋರು, 2018ರಲ್ಲಿ ಆ ದೇಶ ಹೊರದೇಶದ ದತ್ತು ನಿಲ್ಲಿಸೋಕೆ ತುಂಬಾ ಮುಂಚೆ. ನಿಮ್ಮ ಮೊದಲ ಪ್ರಶ್ನೆಗೆ ನಾನು ಹೇಳ್ತೀನಿ.

ವಯಸ್ಸಿನ ಕ್ರಮ ತಪ್ಪಿಸಬಾರ್ದು ಅನ್ನೋದು ಒಳ್ಳೇ ಎಚ್ಚರಿಕೆ, ಕಾನೂನಲ್ಲ. ನಿಮ್ಮ ಮಗಳಿಗೆ ಏಳು, ಬರೋಳಿಗೆ ಒಂಬತ್ತು, ಅಂತರ ಕಮ್ಮಿ, ಇಬ್ಬರೂ ಹೆಣ್ಣುಮಕ್ಕಳು, ಹೋಲಿಕೆ ದಿನಾ ನಡೆಯುತ್ತೆ. ಮುಖ್ಯ ವಿಷಯ ಏನಂದ್ರೆ ಆ ಹುಡುಗಿ ಸಂಸ್ಥೇಲಿ ತಮ್ಮನಿಗೆ ತಾಯಿಯಾಗಿ ಬದುಕಿರ್ತಾಳೆ. ಅವನಿಗೆ ಊಟ ಬಂತಾ ನೋಡೋದು, ಅತ್ರೆ ಎತ್ಕೊಳೋದು, ಯಾರಾದ್ರೂ ಹೊಡೆದ್ರೆ ಅಡ್ಡ ಬರೋದು ಎಲ್ಲ ಅವಳೇ. ನೀವು ಬಂದು ಇನ್ಮೇಲೆ ನಾನೇ ಅಮ್ಮ ಅಂದ್ರೆ ಅವಳಿಗೆ ಕೆಲಸ ಹೋದಂಗೆ ಅಲ್ಲ, ತಮ್ಮನೇ ಹೋದಂಗೆ. ನಮ್ಮ ದೊಡ್ಡ ಮಗಳು ಎಷ್ಟೋ ತಿಂಗಳು ತಮ್ಮನ ತಟ್ಟೇಲಿ ಊಟ ಇದೆಯಾ ನೋಡಿದ ಮೇಲೇನೇ ತಾನು ತುತ್ತು ಬಾಯಿಗೆ ಇಡ್ತಿದ್ಲು. ನಾವು ಅದನ್ನ ಬಿಡಿಸೋಕೆ ಹೋಗಲಿಲ್ಲ, ಬಡಿಸೋವಾಗ ಅವಳನ್ನ ಪಕ್ಕ ಕರ್ಕೊಂಡು "ಅವನಿಗೆ ಇಷ್ಟು ಸಾಕಾ" ಅಂತ ಕೇಳ್ತಿದ್ವಿ, ನಿಧಾನಕ್ಕೆ ಅವಳೇ ಬಿಟ್ಟಳು.

ದಿಂಬಿನ ಕೆಳಗೆ ಬ್ರೆಡ್ ಸಿಗುತ್ತೆ, ಬಯ್ಬೇಡಿ. ಅವರ ಕೈಗೆ ಎಟುಕೋ ಹಾಗೆ ಒಂದು ಡಬ್ಬಿ ಇಡಿ, ಅದರಲ್ಲಿ ಯಾವಾಗ್ಲೂ ತಿನ್ನೋಕೆ ಏನಾದ್ರೂ ಇರ್ಲಿ, ಕೇಳ್ದೆ ತಗೋಬಹುದು ಅಂತ ಹೇಳಿ. ಟೆಕ್ಸಾಸ್ ಕ್ರಿಶ್ಚಿಯನ್ ಯೂನಿವರ್ಸಿಟೀಲಿ ಕ್ಯಾರಿನ್ ಪರ್ವಿಸ್ ಮತ್ತೆ ಡೇವಿಡ್ ಕ್ರಾಸ್ ಅನ್ನೋರು ಕಟ್ಟಿದ ಟಿಬಿಆರ್‌ಐ ಅನ್ನೋ ಪದ್ಧತಿ ಇದೆ, ಪೆಟ್ಟು ತಿಂದು ಬಂದ ಮಕ್ಕಳಿಗೆ ಅಂತಾನೇ ಮಾಡಿದ್ದು. ಅದರಲ್ಲಿ ನನಗೆ ಹಿಡಿಸಿದ್ದು, ಮಗುವಿನ ಹಟದ ಹಿಂದೆ ಭಯ ಇದೆಯಾ ಅಂತ ಮೊದಲು ನೋಡು ಅನ್ನೋದು. ಶಿಕ್ಷೆ ಅಂತ ರೂಮಲ್ಲಿ ಒಂಟಿಯಾಗಿ ಕೂರಿಸೋದು ಈ ಮಕ್ಕಳಿಗೆ ಬೇಡ, ಒಂಟಿಯಾಗಿ ಇದ್ದಿದ್ದೇ ಅವರಿಗಾದ ಗಾಯ.

ನಿಮ್ಮ ಏಳು ವರ್ಷದೋಳಿಗೆ ಈಗಲೇ ಹೇಳಿ, ಬರೋರು ಬಂದ ತಕ್ಷಣ ಅವಳನ್ನ ಪ್ರೀತಿ ಮಾಡಲ್ಲ, ಅವಳ ವಸ್ತು ಮುಟ್ತಾರೆ, ಅಪ್ಪ ಅಮ್ಮನ ಟೈಮ್ ಹೋಗುತ್ತೆ ಅಂತ. "ಹೊಸ ಅಕ್ಕ ಬರ್ತಾಳೆ, ಎಷ್ಟು ಖುಷಿ" ಅಂತ ಮಾತ್ರ ಹೇಳಿ ಇಟ್ರೆ ಆ ಮಗುವಿಗೆ ಮೋಸ ಆದಂಗೆ. ದೊಡ್ಡ ಮಗನನ್ನೂ ಮರೀಬೇಡಿ, ಹೈಸ್ಕೂಲ್ ಹುಡುಗರು ಏನೂ ಹೇಳಲ್ಲ, ಹೇಳ್ದೇ ದೂರ ಹೋಗ್ತಾರೆ.

ಲೆಕ್ಕದ_ಪುಸ್ತಕ

ಖರ್ಚಿನ ಬಗ್ಗೆ ಯಾರೂ ಬರೆದಿಲ್ಲ ಅಂತ ಎರಡು ಮಾತು. ಏಜೆನ್ಸಿ ಫೀ, ಅನುವಾದ, ದಾಖಲೆ ದೃಢೀಕರಣ, ವೀಸಾ, ಎರಡು ಸಲ ಹೋಗಿಬರೋದು ಎಲ್ಲ ಸೇರಿ ಎಷ್ಟೋ ಕುಟುಂಬಗಳಿಗೆ 30 ಸಾವಿರ ಡಾಲರ್ ದಾಟುತ್ತೆ. ಫೆಡರಲ್ ಅಡಾಪ್ಶನ್ ಟ್ಯಾಕ್ಸ್ ಕ್ರೆಡಿಟ್, ಅಂದ್ರೆ ದತ್ತು ಖರ್ಚಿಗೆ ಅಂತ ಟ್ಯಾಕ್ಸಲ್ಲಿ ಸಿಗೋ ಕಡಿತ, 2025ಕ್ಕೆ ಒಂದು ಮಗುವಿಗೆ 17,280 ಡಾಲರ್‌ವರೆಗೆ ಇತ್ತು, ಅದರಲ್ಲಿ 5,000ದವರೆಗೆ ಟ್ಯಾಕ್ಸ್ ಕಟ್ಟೋದು ಇಲ್ದಿದ್ರೂ ಕೈಗೆ ಬರ್ತಿತ್ತು. ಹೊರದೇಶದ ದತ್ತು ಆದ್ರೆ ದತ್ತು ಪೂರ್ತಿ ಆದ ವರ್ಷದಿಂದ ಮಾತ್ರ ಕೇಳೋಕಾಗೋದು, ಹಾಗಾಗಿ ಮೊದಲು ನಿಮ್ಮ ಕೈಯಿಂದಲೇ ಹಾಕ್ಬೇಕು.

ಸಭೇಲಿ ಹಣ ಎತ್ತೋದಾದ್ರೆ ಮಕ್ಕಳ ಫೋಟೋ, ತಾಯಿಯ ಬಡತನ ಅದೆಲ್ಲ ಹಾಕ್ಬೇಡಿ ಪ್ಲೀಸ್. ಹತ್ತು ವರ್ಷ ಆದ್ಮೇಲೆ ಆ ಹುಡುಗಿಯ ಸ್ನೇಹಿತೆಯರು ಅದನ್ನ ಹುಡುಕಿ ಓದ್ತಾರೆ.

ದತ್ತುಮಗಳು

ಬರೀಬೇಕೋ ಬೇಡ್ವೋ ಅಂತ ಯೋಚನೆ ಮಾಡ್ತಿದ್ದೆ. ನಾನೇ ಬೇರೆ ದೇಶದಿಂದ ದತ್ತು ಬಂದೋಳು, ಕ್ರಿಶ್ಚಿಯನ್ ಕುಟುಂಬಕ್ಕೆ. ಈಗ ನನಗೇ ಮಕ್ಕಳಿದಾರೆ. ನನ್ನ ಅಪ್ಪ ಅಮ್ಮನ್ನ ನಾನು ತುಂಬಾ ಪ್ರೀತಿಸ್ತೀನಿ, ದಯವಿಟ್ಟು ಇದನ್ನ ಇಟ್ಕೊಂಡೇ ಮುಂದಿನದನ್ನ ಓದಿ.

ಸಭೇಲಿ ನನ್ನನ್ನ ನೋಡಿದೋರೆಲ್ಲ "ನೀನು ಎಷ್ಟು ಅದೃಷ್ಟವಂತೆ, ದೇವರು ನಿನ್ನನ್ನ ಎಲ್ಲಿಂದ ಎತ್ತಿ ತಂದ" ಅಂತಿದ್ರು. ಹುಟ್ಟುಹಬ್ಬದ ದಿನ ನನಗೆ ಅಳು ಬರ್ತಿತ್ತು, ಯಾಕೆ ಅಂತ ಯಾರಿಗೂ ಹೇಳೋಕೆ ಆಗ್ತಿರ್ಲಿಲ್ಲ, ಹೇಳಿದ್ರೆ ದೇವರಿಗೂ ಅಪ್ಪ ಅಮ್ಮಂಗೂ ಕೃತಜ್ಞತೆ ಇಲ್ದೋಳು ಅಂದ್ಕೋತಾರೆ ಅನ್ನೋ ಹೆದರಿಕೆ. ಚಿಕ್ಕ ಮಗು ತಾಯಿಯನ್ನ ನೆನೆಸ್ಕೊಂಡು ಅಳೋಕೂ ಪರ್ಮಿಶನ್ ಬೇಕಾಯ್ತು. ಆ ಪರ್ಮಿಶನ್ ನನಗೆ ಕೊಟ್ಟೋರು ನನ್ನ ಅಪ್ಪ. ಹನ್ನೆರಡು ವರ್ಷ ಇದ್ದಾಗ ಅನ್ಸುತ್ತೆ, ಊಟದ ಪ್ರಾರ್ಥನೇಲಿ ಅವರು ತಾವಾಗೇ "ಇವಳನ್ನ ಹೆತ್ತ ತಾಯಿಯನ್ನ ಇವತ್ತು ಕಾಪಾಡು" ಅಂತ ಸೇರಿಸಿದ್ರು. ಅವತ್ತಿಂದ ನನ್ನ ಮನೇಲಿ ನನ್ನ ತಾಯಿಗೂ ಜಾಗ ಇದೆ ಅನ್ನಿಸ್ತು. ಕಾಯ್ತಿರೋ ಅಮ್ಮ, ನೀವು ಆ ತಾಯಿಗೋಸ್ಕರ ಪ್ರಾರ್ಥನೆ ಮಾಡ್ತಿದೀವಿ ಅಂತ ಬರೆದಿದ್ರಿ, ಅದನ್ನ ಮಕ್ಕಳು ಬಂದ್ಮೇಲೆ ಅವರ ಮುಂದೆ, ಅವರಿಗೆ ಕೇಳೋ ಹಾಗೆ ಮಾಡಿ.

ಇನ್ನೊಂದು, ಕಾಗದ. ಪ್ರತಿಯೊಂದು ಕಾಗದವನ್ನೂ ಇಟ್ಕೊಳ್ಳಿ, ನಿಮಗೆ ಓದೋಕೆ ಬರದ ಭಾಷೇಲಿ ಇದ್ರೂ. ದಕ್ಷಿಣ ಕೊರಿಯಾದಿಂದ ಸುಮಾರು ಎರಡು ಲಕ್ಷ ಮಕ್ಕಳು ಹೊರದೇಶಕ್ಕೆ ಹೋದ್ರು. ಅದರ ಶುರುವಾತಲ್ಲಿ ಇದ್ದಿದ್ದು ಆರೆಗಾನ್‌ನ ಹ್ಯಾರಿ ಮತ್ತೆ ಬರ್ತಾ ಹೋಲ್ಟ್ ಅನ್ನೋ ದೇವಭಕ್ತ ದಂಪತಿ, 1955ರಲ್ಲಿ ಅವರು ಎಂಟು ಮಕ್ಕಳನ್ನ ದತ್ತು ತಗೊಂಡ್ರು, ಅದಕ್ಕೆ ಅಮೆರಿಕದ ಸಂಸತ್ತು ವಿಶೇಷ ಕಾನೂನೇ ಮಾಡ್ಬೇಕಾಯ್ತು. ಆಮೇಲೆ ಸಾವಿರಾರು ಸಭೆಗಳ ಕುಟುಂಬಗಳು ಅದೇ ದಾರಿ ಹಿಡಿದ್ರು. 2025ರ ಮಾರ್ಚಲ್ಲಿ ಕೊರಿಯಾದ ಸತ್ಯ ಮತ್ತು ಸಂಧಾನ ಆಯೋಗವೇ ಹೇಳಿದೆ, ತಂದೆ ತಾಯಿ ಇದ್ದ ಮಕ್ಕಳನ್ನ ಅನಾಥರು ಅಂತ ದಾಖಲೆ ಮಾಡಿದ್ರು, ಗುರುತು ಬದಲಾಯಿಸಿದ್ರು, ಸರ್ಕಾರ ತನ್ನ ಹೊಣೆ ನಿಭಾಯಿಸಲಿಲ್ಲ ಅಂತ. ಆ ದತ್ತು ತಂದೆ ತಾಯಂದಿರು ಕೆಟ್ಟೋರಲ್ಲ. ಅವರ ಕೈಗೆ ಬಂದ ಕಾಗದ ಸುಳ್ಳಾಗಿತ್ತು. ಈಗ ಐವತ್ತು ಅರವತ್ತು ವಯಸ್ಸಿನೋರು ತಮ್ಮ ತಾಯಿಯನ್ನ ಹುಡುಕ್ತಿದಾರೆ.

ಹೆಸರನ್ನ ಬದಲಾಯಿಸ್ಬೇಡಿ ಅಂತಾನೂ ಕೇಳ್ಕೋತೀನಿ. ಬೈಬಲ್ ಹೆಸರು ಇಡ್ಬೇಕು ಅಂತ ಆಸೆ ಇದ್ರೆ ಮಧ್ಯದ ಹೆಸರಾಗಿ ಇಡಿ. ಒಂಬತ್ತು ವರ್ಷ ಒಂದು ಹೆಸರಿಗೆ ಓ ಅಂದ ಮಗು ಅದು.

ವಿಶ್ವಾಸದ_ಹೆಜ್ಜೆ

ತಂಗಿ, ನಿಮ್ಮ ಮಾತು ಓದಿದೆ. ನಮ್ಮ ಸಭೇಲಿ ದತ್ತು ಬಂದ ಮಕ್ಕಳು ನಾಲ್ಕು ಜನ ಇದಾರೆ, ನಾವು ಅವರನ್ನ ಸಾಕ್ಷಿ ಹೇಳೋಕೆ ಸ್ಟೇಜ್ ಮೇಲೆ ಕರೀತೀವಿ. ಹಾಗೆ ಮಾಡಬಾರ್ದಾ? ನಿಜವಾಗಲೂ ಕೇಳ್ತಿದೀನಿ.

ದತ್ತುಮಗಳು

ಅಣ್ಣ, ಕೇಳಿದ್ದಕ್ಕೆ ಥ್ಯಾಂಕ್ಸ್. ದೊಡ್ಡೋರಾಗಿ ಅವರೇ ಬಂದು ಹೇಳ್ತೀನಿ ಅಂದ್ರೆ ಹೇಳ್ಲಿ. ಚಿಕ್ಕ ಮಕ್ಕಳನ್ನ ಕರೆದು ನಿಲ್ಲಿಸ್ಬೇಡಿ. ಎಲ್ಲರೂ ಚಪ್ಪಾಳೆ ತಟ್ಟೋ ಕಥೆಗೆ ಅಳೋ ಭಾಗ ಇರೋ ಹಾಗಿಲ್ಲ, ಮಗು ಅದನ್ನ ಬೇಗ ಕಲಿಯುತ್ತೆ.

ಐದು_ಮಕ್ಕಳ_ಅಪ್ಪ

ಪೌರತ್ವದ ವಿಷಯ ಯಾರಾದ್ರೂ ಹೇಳಿದ್ರಾ? ನಿಮ್ಮ ಕೇಸಲ್ಲಿ ದತ್ತು ಬಲ್ಗೇರಿಯಾದ ಕೋರ್ಟಲ್ಲೇ ಪೂರ್ತಿ ಆಗಿ ಮಕ್ಕಳು ಐಎಚ್-3 ವೀಸಾದಲ್ಲಿ (ಹೇಗ್ ಒಪ್ಪಂದದ ದೇಶದಲ್ಲೇ ದತ್ತು ಮುಗಿದ ಮಕ್ಕಳಿಗೆ ಕೊಡೋದು) ಬಂದ್ರೆ ಅಮೆರಿಕದ ನೆಲದಲ್ಲಿ ಕಾಲಿಟ್ಟ ದಿನವೇ ಪೌರರು, ಸರ್ಟಿಫಿಕೇಟ್ ಮನೆಗೆ ಪೋಸ್ಟಲ್ಲಿ ಬರುತ್ತೆ. ಬಂದಿಲ್ಲ ಅಂದ್ರೆ ಸುಮ್ನಿರಬೇಡಿ, ಬೆನ್ನು ಹತ್ತಿ. 2000ದ ಪೌರತ್ವ ಕಾನೂನು 2001ರ ಫೆಬ್ರವರೀಲಿ ಜಾರಿಗೆ ಬಂದಾಗ ಆಗಲೇ ಹದಿನೆಂಟು ದಾಟಿದ್ದೋರನ್ನ ಅದು ಸೇರಿಸ್ಕೊಳ್ಳಲಿಲ್ಲ, ಅಪ್ಪ ಅಮ್ಮ ಕಾಗದ ಮುಗಿಸ್ದೇ ಇದ್ದ ಎಷ್ಟೋ ಜನ ದೊಡ್ಡೋರಾದ ಮೇಲೆ ತಾವು ಪೌರರೇ ಅಲ್ಲ ಅಂತ ತಿಳ್ಕೊಂಡ್ರು, ಕೆಲವರನ್ನ ಭಾಷೆ ಕೂಡ ಗೊತ್ತಿಲ್ಲದ ಹುಟ್ಟಿದ ದೇಶಕ್ಕೆ ವಾಪಸ್ ಕಳಿಸಿದ್ದೂ ಇದೆ.

ಕಾಯ್ತಿರೋ_ಅಮ್ಮ

ತುಂಬಾ ದಿನ ಆದ್ಮೇಲೆ ಬರ್ತಿದೀನಿ. ಏಜೆನ್ಸಿಯಿಂದ ಉತ್ತರ ಬಂತು, ಎಲ್ಲಕ್ಕೂ ಅಲ್ಲ, ಆದ್ರೆ ಮುಖ್ಯವಾದ್ದಕ್ಕೆ. ಅಜ್ಜಿ ತೀರ್ಕೊಂಡಿದಾರೆ, ಸಂಬಂಧಿಕರನ್ನ ಹುಡುಕಿ ಕೇಳಿದ ದಾಖಲೆ ಇದೆ, ದೇಶದೊಳಗಿನ ಕುಟುಂಬಗಳಿಗೆ ಮೊದಲು ತೋರಿಸಿದಾರೆ, ಇಬ್ಬರನ್ನ ಒಟ್ಟಿಗೆ ತಗೊಳೋಕೆ ಯಾರೂ ಮುಂದೆ ಬರಲಿಲ್ಲ. ತಾಯಿಯ ಒಪ್ಪಿಗೆ ಪತ್ರದ ಪ್ರತಿ ಅನುವಾದದ ಜೊತೆ ಕೊಟ್ರು. ಇನ್ನೊಬ್ಬ ಒಡಹುಟ್ಟಿದೋನೂ ಇದಾನೆ, ದೊಡ್ಡೋನು, ಹದಿನೇಳು, ಅವನು ಅಲ್ಲೇ ಇರ್ತೀನಿ ಅಂದಿದಾನೆ. ಕೇಸ್‌ವರ್ಕರ್ ಅಕ್ಕ, ನೀವು ಕೇಳಿಸದೇ ಹೋಗಿದ್ರೆ ಅವನ ವಿಷಯ ನಮಗೆ ಗೊತ್ತೇ ಆಗ್ತಿರ್ಲಿಲ್ಲ.

ನಾವು ಒಪ್ಕೊಂಡ್ವಿ. ಬಲ್ಗೇರಿಯಾದ ನಿಯಮದ ಪ್ರಕಾರ ಮೊದಲ ಸಲ ಹೋದಾಗ ಕಮ್ಮಿ ಅಂದ್ರೆ ಐದು ದಿನ ಮಕ್ಕಳ ಜೊತೆ ಕಳೀಬೇಕು, ಆಮೇಲೆ ವಾಪಸ್ ಬಂದು ಈ ಮಕ್ಕಳ ಹೆಸರಲ್ಲಿ ಅಮೆರಿಕ ಸರ್ಕಾರಕ್ಕೆ ಐ-800 ಅರ್ಜಿ ಹಾಕಿ, ಸೋಫಿಯಾ ಕೋರ್ಟಿನ ತೀರ್ಪು ಆದ್ಮೇಲೆ ಎರಡನೇ ಸಲ ಹೋಗಿ ಕರ್ಕೊಂಡು ಬರೋದು. ಮೊದಲ ಭೇಟಿ ಮುಗಿಸಿ ಬಂದಿದೀವಿ. ತಮ್ಮ ಬೇಗ ಹತ್ರ ಬಂದ, ನನ್ನ ಗಂಡನ ಭುಜದ ಮೇಲೇ ಇರ್ತಿದ್ದ. ಅಕ್ಕ ಬರಲಿಲ್ಲ. ಎರಡು ದಿನ ಗೋಡೆ ಪಕ್ಕ ನಿಂತು ನಾವು ತಮ್ಮನ ಜೊತೆ ಏನು ಮಾಡ್ತೀವಿ ಅಂತ ನೋಡ್ತಿದ್ಲು. ಐದು ಮಕ್ಕಳ ಅಪ್ಪ ಬ್ರದರ್, ನಿಮ್ಮ ಮಾತು ನೆನಪಿಟ್ಕೊಂಡು ನಾನು ತಮ್ಮನಿಗೆ ಜಾಕೆಟ್ ಹಾಕೋ ಮುಂಚೆ ಅವಳ ಕಡೆ ನೋಡಿ, ದುಭಾಷಿ ಮೂಲಕ "ಇದು ಸಾಕಾ ಚಳಿಗೆ" ಅಂತ ಕೇಳಿದೆ. ಅವಳು ಬಂದು ಅವನ ಟೋಪಿ ಸರಿ ಮಾಡಿ, ಅಲ್ಲೇ ನಮ್ಮ ಜೊತೆ ಕೂತ್ಲು.

ನಾಲ್ಕನೇ ದಿನ ಅವಳೇ ಕೇಳಿದ್ಲು, ಅಣ್ಣನ ಜೊತೆ ಫೋನಲ್ಲಿ ಮಾತಾಡೋಕೆ ಬಿಡ್ತೀರಾ, ಮತ್ತೆ ನನ್ನ ಹೆಸರು ಇದೇ ಇರುತ್ತಾ ಅಂತ. ಎರಡಕ್ಕೂ ಹೂಂ ಅಂದ್ವಿ. ಅವಳನ್ನ ಯಾರಾದ್ರೂ ಕೇಳಿದಾರಾ ಅಂತ ನೀವು ಕೇಳಿದ್ರಲ್ಲ ಅಕ್ಕ, ಸಂಸ್ಥೆಯ ಮನಶ್ಶಾಸ್ತ್ರಜ್ಞೆ ಕೇಳಿದ್ರಂತೆ, "ತಮ್ಮ ಬಂದ್ರೆ ಬರ್ತೀನಿ" ಅಂದಿದ್ಲಂತೆ. ನಮ್ಮ ಮುಂದೆ ಮತ್ತೆ ಕೇಳೋಕೆ ಹೇಳಿದ್ವಿ, ಬರ್ತೀನಿ ಅಂದ್ಲು, ಅಣ್ಣನನ್ನ ನೋಡೋಕೆ ವಾಪಸ್ ಕರ್ಕೊಂಡು ಬರ್ಬೇಕು ಅನ್ನೋದನ್ನೂ ಸೇರಿಸಿ.

ಕರೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಕೇಳಿದ್ದೆ. ನನಗೆ ಈಗ ಅನ್ಸೋದು, ಪ್ರಶ್ನೆ ಕೇಳಿದ್ದಕ್ಕೆ ನನ್ನ ನಂಬಿಕೆ ಕಮ್ಮಿ ಆಗಲಿಲ್ಲ. ಉತ್ತರ ಬೇರೆ ಬಂದಿದ್ರೆ, ಆ ಅಜ್ಜಿ ಬದುಕಿದ್ದು ನಾನು ಸಾಕ್ತೀನಿ ಸ್ವಲ್ಪ ಸಹಾಯ ಬೇಕು ಅಂದಿದ್ರೆ, ನಾವು ಕೂಡಿಟ್ಟ ದುಡ್ಡಲ್ಲಿ ಆಕೆಗೆ ಸಹಾಯ ಆಗೋ ದಾರಿ ಹುಡುಕ್ತಿದ್ವಿ, ಅದೂ ಅದೇ ಕರೆ ಆಗಿರ್ತಿತ್ತು. ಇದನ್ನ ನಾನು ನನ್ನ ಗಂಡ ಮೊದಲೇ ಮಾತಾಡ್ಕೊಂಡಿದ್ವಿ.

ಈಗ ಕೋರ್ಟಿಗೆ ಕಾಯ್ತಿದೀವಿ, ಕೆಲವು ತಿಂಗಳು ಆಗುತ್ತಂತೆ. ಈ ಮಧ್ಯ ಏನು ಮಾಡೋದು ಹೇಳಿ. ಬಲ್ಗೇರಿಯನ್ ಕಲಿಯೋಕೆ ಶುರು ಮಾಡಿದೀನಿ, ಅಕ್ಷರ ಮಾತ್ರ ಬಂದಿದೆ.

ವಿಶ್ವಾಸದ_ಹೆಜ್ಜೆ

ಸ್ತೋತ್ರ ಸಿಸ್ಟರ್! ನಮ್ಮ ಮನೆ ಪ್ರಾರ್ಥನೇಲಿ ಇಬ್ಬರು ಮಕ್ಕಳನ್ನೂ ಆ ಅಣ್ಣನನ್ನೂ ಆ ತಾಯಿಯನ್ನೂ ಸೇರಿಸಿದೀವಿ.

ದತ್ತುಮಗಳು

ಅಕ್ಷರ ಕಲಿತಿದ್ದು ಒಳ್ಳೇದು, ಅಣ್ಣ ಬರೆಯೋ ಮೆಸೇಜ್ ಓದೋಕಾದ್ರೂ ಆಗುತ್ತೆ. ಮೊದಲು ಈ ಮಾತುಗಳನ್ನ ಅವಳ ಭಾಷೇಲಿ ಕಲೀರಿ: ಹಸಿವಾಗಿದೆಯಾ, ನೋವಾಗ್ತಿದೆಯಾ, ಬಾತ್‌ರೂಮ್ ಇಲ್ಲಿದೆ, ನಾನು ವಾಪಸ್ ಬರ್ತೀನಿ, ತಮ್ಮ ಪಕ್ಕದ ರೂಮಲ್ಲಿದಾನೆ. ಅವಳು ಇಂಗ್ಲಿಷ್ ಕಲಿತ ಮೇಲೂ ಬಲ್ಗೇರಿಯನ್ ಬಿಡೋಕೆ ಬಿಡ್ಬೇಡಿ, ಮಕ್ಕಳು ಒಂದೇ ವರ್ಷದಲ್ಲಿ ಮರೀತಾರೆ, ಆಮೇಲೆ ಅಣ್ಣನ ಜೊತೆ ಮಾತಾಡೋಕೆ ಭಾಷೆನೇ ಇರಲ್ಲ. ಆನ್‌ಲೈನ್ ಟೀಚರ್ ಒಬ್ರನ್ನ ಈಗಲೇ ಹುಡುಕಿ ನೀವೇ ಅವರ ಹತ್ರ ಶುರು ಮಾಡಿ, ಮಕ್ಕಳು ಬಂದಾಗ ಅದೇ ಟೀಚರ್ ಹತ್ರ ಅವರೂ ಸೇರ್ಕೊಳ್ಳಲಿ.

ಕೇಸ್‌ವರ್ಕರ್_ಅಕ್ಕ

ಮತ್ತೆ ಅಣ್ಣನ ವಿಳಾಸ ಫೋನ್ ನಂಬರ್ ಈಗಲೇ ಕೇಳಿ ಇಟ್ಕೊಳ್ಳಿ ಅಮ್ಮ. ಅವನಿಗೆ ಹದಿನೆಂಟು ತುಂಬಿ ಅಲ್ಲಿಂದ ಹೊರಗೆ ಬಂದ್ಮೇಲೆ ಸಂಸ್ಥೆಯೋರಿಗೂ ಅವನು ಎಲ್ಲಿದಾನೆ ಅಂತ ಗೊತ್ತಿರಲ್ಲ. ಎರಡನೇ ಸಲ ಹೋಗೋವರೆಗೂ ಕಾಯ್ಬೇಡಿ, ಈ ವಾರವೇ ಏಜೆನ್ಸಿಗೆ ಬರೀರಿ.

ಕಾಯ್ತಿರೋ_ಅಮ್ಮ

ಬರೆದೆ ಅಕ್ಕ, ಈಗಷ್ಟೇ ಕಳಿಸಿದೆ.